ಬಲಕ್ಕೆ ತಿರುಗುವ ಅಭ್ಯಾಸ

ಪರ್ತ್
ಪ್ರಭವ ಸಂವತ್ಸರ, ಮಾಘ ಬಹುಳ
೭ ಫೆಬ್ರವರಿ ೧೯೮೮, ಭಾನುವಾರ

ಚಿರಂಜೀವಿ ವೇಣುಗೋಪಾಲನಿಗೆ ಅಣ್ಣ ರಾಜಗೋಪಾಲನ ಆಶೀರ್ವಾದಗಳು.

ಕುಶಲವನ್ನು ಹೇಳಿ, ಕುಶಲವನ್ನು ಕೇಳಿ ಪತ್ರವನ್ನು ತೊಡಗುವುದು ನಮ್ಮ ಮನೆತನದ ಸಂಪ್ರದಾಯ. ಇಲ್ಲಿ ಕುಶಲವಿಲ್ಲವಾದ್ದರಿಂದ ಹೇಳಲಾರೆ. ಅಲ್ಲಿ ಇದೆಯೆಂದು ನೀನು ಬರೆದರೆ ನನಗೆ ಸಹಿಸಲಾಗದು. ಆದ್ದರಿಂದ ಕೇಳಲೂ ಆರೆ.

ಜಯಮಾಲಾ ವಿಕ್ಟೋರಿಯಾದ ಆ ಹಿಮದ ಬೆಟ್ಟದಲ್ಲಿ ಬಿದ್ದು ಎಡಗಾಲನ್ನು ಮುರಿದುಕೊಂಡು ಇಂದಿಗೆ ನಾಲ್ಕೂವರೆ ತಿಂಗಳಾಯಿತು. ಈ ಅವಧಿಯಲ್ಲಿ ನಾನು ನನ್ನ ಮಗಳಿಗೆ ಒಂಬತ್ತು ಪತ್ರಗಳನ್ನು ಬರೆದಿದ್ದೇನೆ, ಒಂದಕ್ಕೂ ಉತ್ತರವಿಲ್ಲ. ತಾಯಿಯೊಡನೆ ದೂರವಾಣಿಯಲ್ಲಿ ಮಾತನಾಡುತ್ತಾಳೆ. ನಾನು ಫೋನನ್ನು ಕೈಗೆ ತೆಗೆದುಕೊಂಡೆನೆಂದರೆ "ಕ್ಲಾಸಿಗೆ ಹೊತ್ತಾಯ್ತು" ಎಂದು ಇಟ್ಟುಬಿಡುತ್ತಾಳೆ. ಭಾನುವಾರದ ಬೆಳಿಗ್ಗೆ ಯಾವ ವಿಶ್ವವಿದ್ಯಾನಿಲಯವೂ ಗಣಿತದ ಪಾಠ ಹೇಳುವುದಿಲ್ಲವೆಂಬಷ್ಟು ತಿಳಿವಳಿಕೆ ನನಗೂ ಇದೆ.

ಅಪಘಾತದ ಮರುದಿನ ವಿಮಾನವೇರಿ ಬಂದು ಮೂರು ದಿನ ಅವಳ ಹಾಸಿಗೆಯ ಪಕ್ಕದಲ್ಲಿ ಕುಳಿತಿದ್ದೆ. ಗೋಡೆಯ ಕಡೆಗೆ ಹೊರಳಿಸಿದ ಮುಖವನ್ನು ಅವಳು ನನ್ನತ್ತ ತಿರುಗಿಸಲಿಲ್ಲ. ನೋವಿನ ಬಾಧೆಯೆಂದುಕೊಂಡೆ. ವಿಷ್ಣುಸಹಸ್ರನಾಮವನ್ನು ಮೆಲ್ಲಗೆ ಪಠಿಸುತ್ತಿದ್ದೆ. ಅವಳು ಕಿವಿಯ ಮೇಲೆ ದಿಂಬನ್ನಿಟ್ಟುಕೊಂಡಳು. ಅದನ್ನೂ ನೋವೆಂದೇ ತಿಳಿದೆ. ಈಗ ಹಾಗೆ ತಿಳಿಯುವುದು ಸಾಧ್ಯವಾಗುತ್ತಿಲ್ಲ. ಯಾರೋ ಅವಳ ಕಿವಿಯಲ್ಲಿ ಏನನ್ನೋ ತುಂಬಿದ್ದಾರೆ.

ಬೆಡ್‌ಫರ್ಡ್ ಪಾರ್ಕ್‌ನ ವಿಶ್ವವಿದ್ಯಾನಿಲಯಕ್ಕೆ ನಾನು ಅವಳನ್ನು ಕಳುಹಿಸಿದ್ದು ಪರ್ತ್‌ನಲ್ಲಿ ವಿದ್ಯೆಗೆ ಬರವೆಂದಲ್ಲ, ಅಡಿಲೇಡ್‌ನಲ್ಲಿ ನೀನಿರುವೆಯೆಂದು. ತಂದೆ ತೀರಿಕೊಂಡಾಗ ನಿನಗೆ ಒಂಬತ್ತು ವರ್ಷ. ಅಕ್ಷರದಿಂದ ಅಂಗರಚನಾಶಾಸ್ತ್ರದವರೆಗೆ ನಿನಗೆ ಕಲಿಸಿದವನು ನಾನು. ಅದಕ್ಕೆ ಪ್ರತಿಯಾಗಿ ನನ್ನ ಮಗಳಿಗೆ ನೀನು ಕಲಿಸಿದ್ದು, ಕಾಲಿಗೆ ಹಲಗೆ ಕಟ್ಟಿಕೊಂಡು ಬೆಟ್ಟದಿಂದ ಜಾರುವುದನ್ನು. ಕರೆದೊಯ್ದವನು ನೀನು, ಮೂಳೆಯ ವೈದ್ಯನಾಗಿ ಅವಳ ಪಕ್ಕದಲ್ಲಿದ್ದವನೂ ನೀನು. ಆದರೂ ಆ ಪಾದ ಇಂದು ಮೇಲಕ್ಕೆ ಏಳುವುದಿಲ್ಲವಂತೆ.

ನನಗೆ ಬೇಕಾದದ್ದು ಒಂದೇ. ಅವಳು ನನ್ನೊಡನೆ ಮಾತನಾಡಬೇಕು. ಅದನ್ನು ಕಟ್ಟಿಹಾಕಿದವರು ಯಾರೋ, ಅವರು ಬಿಚ್ಚಲಿ.

ರಾಜಗೋಪಾಲ


ಅಡಿಲೇಡ್
೨೮ ಫೆಬ್ರವರಿ ೧೯೮೮

ಪೂಜ್ಯ ಅಣ್ಣಯ್ಯನವರಿಗೆ ವೇಣುಗೋಪಾಲನ ನಮಸ್ಕಾರಗಳು.

ತಮ್ಮ ಪತ್ರ ಬಂದು ಎರಡು ವಾರಗಳಾದವು. ಮೂರು ಸಲ ಉತ್ತರ ಬರೆದು ಹರಿದೆ. ಇದು ನಾಲ್ಕನೆಯದು, ಚಿಕ್ಕದಾಗಿದ್ದರೆ ಕ್ಷಮಿಸಬೇಕು.

ಜಯಮಾಲಾ ಈಗ ನಮ್ಮ ಮನೆಯಲ್ಲಿಲ್ಲ. ಡಿಸೆಂಬರ್ ಮೊದಲ ವಾರದಲ್ಲಿಯೇ ವಿಶ್ವವಿದ್ಯಾನಿಲಯದ ವಿದ್ಯಾರ್ಥಿನಿಲಯಕ್ಕೆ ಹೋದಳು. ಅತ್ತಿಗೆಗೆ ತಿಳಿಸಿರುವಳೆಂದುಕೊಂಡಿದ್ದೆ. ಪದ್ಮಾ ಪ್ರತಿ ಶನಿವಾರ ಸಾರು, ಪಲ್ಯಗಳನ್ನು ಡಬ್ಬಿಗೆ ಹಾಕಿಕೊಂಡು ಹೋಗುತ್ತಾಳೆ. ಜಯಮಾಲಾ ಬಾಗಿಲಲ್ಲಿಯೇ ನಿಂತು "ಥ್ಯಾಂಕ್ಸ್ ಚಿಕ್ಕಮ್ಮ" ಎಂದು ಹಿಂದಿನ ವಾರದ ಡಬ್ಬಿಯನ್ನು ತೊಳೆದು ಕೊಡುತ್ತಾಳೆ. ಒಳಗೆ ಕರೆಯುವುದಿಲ್ಲ.

ಮೂಳೆ ಕೂಡಿದೆ. ಆದರೆ ಪಾದವನ್ನು ಎತ್ತುವ ಸ್ನಾಯುಗಳು ಸತ್ತಿವೆ, ಅವು ಹಿಂತಿರುಗುವುದಿಲ್ಲ. ನಡೆಯುವಾಗ ಪಾದದ ಮುಂಭಾಗ ನೆಲಕ್ಕೆ ಬಡಿಯುತ್ತದೆ. ಅದಕ್ಕಾಗಿ ಪ್ಲಾಸ್ಟಿಕ್ಕಿನ ಒಂದು ಆಧಾರವನ್ನು ಕಟ್ಟಿಕೊಳ್ಳುತ್ತಾಳೆ. ಆ ಸದ್ದನ್ನು ಮೊದಲ ಸಲ ನಮ್ಮ ಅಡುಗೆಮನೆಯಲ್ಲಿ ಕೇಳಿದ ದಿನ ಪದ್ಮಾ ಒಲೆಯ ಮುಂದೆಯೇ ಕುಳಿತುಬಿಟ್ಟಳು.

ತಾವು ಅವಳ ಕಿವಿ ತುಂಬಿದವರು ಯಾರೆಂದು ಕೇಳಿದ್ದೀರಿ. ನವೆಂಬರ್ ಕೊನೆಯಲ್ಲಿ ಒಂದು ದಿನ ಊಟಕ್ಕೆ ಕುಳಿತಾಗ ಅವಳೇ ಕೇಳಿದಳು: "ಆಪರೇಷನ್ ಅಷ್ಟು ಲೇಟ್ ಆಗಿದ್ದು ಯಾಕೆ ಚಿಕ್ಕಪ್ಪ?" ತಡ ಮಾಡಲು ತೀರ್ಮಾನಿಸಿದವನು ನಾನು ಎಂದೆ. "ನೀವೊಬ್ಬರೇನಾ?" ಎಂದಳು. ನಾನೊಬ್ಬನೇ ಎಂದೆ. ತಟ್ಟೆಯಲ್ಲಿದ್ದದ್ದನ್ನು ಪೂರ್ತಿ ಊಟಮಾಡಿ ಎದ್ದಳು. ಮುಂದಿನ ವಾರ ಮನೆ ಬಿಟ್ಟಳು.

ಆ ಹೊಣೆ ನನ್ನದೇ. ಇದಕ್ಕಿಂತ ಹೆಚ್ಚು ಬರೆಯುವ ಶಕ್ತಿ ನನಗಿಲ್ಲ.

ತಮ್ಮ ವೇಣು


ಪರ್ತ್
ವಿಭವ ಸಂವತ್ಸರ, ಚೈತ್ರ ಶುದ್ಧ
೨೭ ಮಾರ್ಚ್ ೧೯೮೮, ಭಾನುವಾರ

ಚಿರಂಜೀವಿ ವೇಣುಗೋಪಾಲನಿಗೆ,

ಯುಗಾದಿ ಕಳೆದು ವಾರವಾಯಿತು. ಬೇವುಬೆಲ್ಲವನ್ನು ಬಾಯಿಗೆ ಹಾಕಿಕೊಂಡಾಗ ಬೆಲ್ಲದ ರುಚಿ ತಿಳಿಯಲಿಲ್ಲ. ಊರಿನಿಂದ ಹೊಸ ಪಂಚಾಂಗ ಬಂದಿದೆ. ಅದರ ವೇಳೆಗಳನ್ನು ಇಲ್ಲಿಯ ವೇಳೆಗೆ ಪರಿವರ್ತಿಸುವ ಕೆಲಸಕ್ಕೂ ಈ ವರ್ಷ ಕೈಹಾಕಿಲ್ಲ. ನಿನ್ನ ಪತ್ರವನ್ನು ದೇವರ ಮನೆಯಲ್ಲಿಟ್ಟು ಎರಡು ದಿನ ಬಿಟ್ಟು ಮತ್ತೆ ಓದಿದೆ. ಕೋಪ ಇಳಿಯಲಿ ಎಂದು ಹಾಗೆ ಮಾಡಿದ್ದು. ಇಳಿಯಲಿಲ್ಲ.

"ತಡ ಮಾಡಲು ತೀರ್ಮಾನಿಸಿದವನು ನಾನು" ಎಂದು ನಿನ್ನ ಕೈಯಿಂದಲೇ ಬರೆದಿದ್ದೀಯೆ. ನಾನು ಫ್ರೀಮ್ಯಾಂಟಲ್‌ನ ಚಿಕಿತ್ಸಾಲಯದಲ್ಲಿ ಬಂದರಿನ ಕೂಲಿಗಳ ಕೆಮ್ಮು, ಸಕ್ಕರೆ, ರಕ್ತದೊತ್ತಡಗಳನ್ನು ನೋಡಿಕೊಂಡಿರುವ ಸಾಮಾನ್ಯ ವೈದ್ಯ. ಮೂಳೆಯ ವಿದ್ಯೆ ನನ್ನದಲ್ಲ. ಆದ್ದರಿಂದ ನಮ್ಮ ಮಹಾಬಲೇಶ್ವರನನ್ನು ಕೇಳಿದೆ. ಅವನು ಇಲ್ಲಿ ಮೂವತ್ತು ವರ್ಷದಿಂದ ಶಸ್ತ್ರವೈದ್ಯ, ನಿನಗೂ ಗೊತ್ತಿರುವವನು. ಮುರಿದ ಕಾಲಿನಲ್ಲಿ ಸ್ನಾಯುವಿನ ಕವಚದೊಳಗೆ ಒತ್ತಡ ಏರಿದರೆ ಆ ಕವಚವನ್ನು ಕೂಡಲೇ ಸೀಳಿ ಬಿಡಿಸಬೇಕು, ಆರು ಗಂಟೆ ಮೀರಿತೋ ಸ್ನಾಯು ಸಾಯುತ್ತದೆ ಎಂದ. "ಇದು ಫೈನಲ್ ಇಯರ್ ಹುಡುಗರಿಗೂ ಗೊತ್ತು ರಾಜಣ್ಣ. ಯಾರು ಕಾದ್ರು ಅಷ್ಟು ಹೊತ್ತು?" ಎಂದು ಕೇಳಿದ. ನನ್ನ ತಮ್ಮನೆಂದು ಹೇಳಲು ನಾಲಗೆ ಹೊರಳಲಿಲ್ಲ.

ಅಂದು ನೀನು ನನಗೆ ದೂರವಾಣಿ ಮಾಡಿದ್ದು ನಿಜ. ಮಹಾಲಯ ಅಮಾವಾಸ್ಯೆ; ನಾನು ಪಿತೃಕಾರ್ಯಕ್ಕೆ ಸಿದ್ಧನಾಗುತ್ತಿದ್ದೆ. ಹಿರಿಯನಾಗಿ ನನಗೆ ತೋಚಿದ್ದನ್ನು ಹೇಳಿರಬಹುದು. ಆದರೆ ಎರಡು ಸಾವಿರ ಮೈಲಿ ದೂರದಲ್ಲಿ, ಒದ್ದೆ ಮಡಿಯಲ್ಲಿ, ದರ್ಭೆಯನ್ನು ಬೆರಳಿಗೆ ಸುತ್ತಿಕೊಂಡು ನಿಂತವನ ಮಾತು ಅಭಿಪ್ರಾಯ ಮಾತ್ರ. ಕಾಲಿನ ಮೇಲೆ ಕೈಯಿಟ್ಟು ನೋಡುತ್ತಿದ್ದವನು ನೀನು.

ಈಗ ನೀನು ಎರಡು ಕೆಲಸಗಳನ್ನು ಮಾಡಬೇಕು. ಬಿದ್ದದ್ದು ಎಷ್ಟು ಗಂಟೆಗೆ, ಚಿಕಿತ್ಸೆ ತೊಡಗಿದ್ದು ಎಷ್ಟು ಗಂಟೆಗೆ ಎಂಬುದನ್ನು ನನಗೆ ಬರೆದು ಕಳುಹಿಸು. ಹಾಗೂ ತಂದೆಯ ಮೇಲೆ ಮುನಿಯಲು ಯಾವ ಕಾರಣವೂ ಇಲ್ಲವೆಂಬುದನ್ನು ಜಯಮಾಲೆಗೆ ನೀನೇ ಹೋಗಿ ತಿಳಿಸು.

ರಾಜಗೋಪಾಲ


ಅಡಿಲೇಡ್
೧೯ ಜೂನ್ ೧೯೮೮

ಪೂಜ್ಯ ಅಣ್ಣಯ್ಯನವರಿಗೆ,

ಮೂರು ತಿಂಗಳು ಬರೆಯಲಿಲ್ಲ. ಕಾರಣ ಹೇಳಿ ತಮ್ಮ ಸಮಯವನ್ನು ಹಾಳುಮಾಡುವುದಿಲ್ಲ.

ಜಯಮಾಲೆಯನ್ನು ಕಂಡೆ. ಕಂಡ ಬಗೆಯನ್ನು ಬರೆದರೆ ತಮಗೆ ಕೋಪ ಬರುವುದೆಂದು ಗೊತ್ತು. ಮುಚ್ಚಿಡುವುದು ಇನ್ನು ನನ್ನಿಂದಾಗದು. ಈ ಊರಿನ ಪಶ್ಚಿಮಕ್ಕೆ, ಥೆಬರ್ಟನ್ ಕಡೆ, ದೊಡ್ಡ ಉಗ್ರಾಣದಂಥ ಒಂದು ಕಟ್ಟಡವಿದೆ. ಅದರ ಚಾವಣಿಯ ಅಡಿಯಲ್ಲಿ ಯಂತ್ರದಿಂದ ಹಿಮವನ್ನು ಮಾಡಿ ಇಳಿಜಾರಿಗೆ ಹರಡುತ್ತಾರೆ. ಹೊರಗೆ ಬಿಸಿಲಿರುತ್ತದೆ, ಒಳಗೆ ಜನ ಉಣ್ಣೆಯ ಟೋಪಿ ಹಾಕಿಕೊಂಡು ಸ್ಕೀ ಮಾಡುತ್ತಿರುತ್ತಾರೆ. ಜಯಮಾಲಾ ವಾರಕ್ಕೆ ಮೂರು ದಿನ ಅಲ್ಲಿಗೆ ಹೋಗುತ್ತಾಳೆಂದು ಪದ್ಮಾಗೆ ತಿಳಿಯಿತು. ನಾನು ನಂಬಲಿಲ್ಲ. ಹೋಗಿ ಗಾಜಿನ ಹಿಂದೆ ನಿಂತು ನೋಡಿದೆ.

ನಾಲ್ಕು ಮನೆಗಳ ಉದ್ದವೂ ಇಲ್ಲದ ಇಳಿಜಾರು. ಹೊಸಬರಂತೆ ಅವಳು ಎರಡು ಹಲಗೆಗಳ ಮೂತಿ ಕೂಡಿಸಿ, ಹಿಂಬದಿ ಅಗಲಿಸಿ, ನೇಗಿಲು ಎಳೆದ ಹಾಗೆ ನಿಧಾನವಾಗಿ ಇಳಿಯುತ್ತಿದ್ದಳು. ಆಮೇಲೆ ಊರಿಕೊಳ್ಳುವ ಎರಡೂ ಕೋಲುಗಳನ್ನು ಚಾಚಿದ ಅಂಗೈಗಳ ಮೇಲೆ ಅಡ್ಡಲಾಗಿ ಇಟ್ಟುಕೊಂಡು, ಅವು ಅಲುಗದಂತೆ ತಿರುಗುವ ಅಭ್ಯಾಸ. ಭುಜ ಓರೆಯಾದರೆ ಕೋಲು ಬೀಳುತ್ತದೆ. ಆಮೇಲೆ ಇಳಿಜಾರಿಗೆ ಅಡ್ಡವಾಗಿ ಜಾರುತ್ತ, ಮೇಲಿನ ಕಾಲಿನ ಹಲಗೆಯನ್ನು ಎತ್ತಿ ಹಿಡಿದು, ಕೆಳಗಿನ ಕಾಲೊಂದರ ಮೇಲೆಯೇ ಹೋಗುವುದು. ಕಲಿಸುವ ಹೆಂಗಸು ಕೆಳಗಿನಿಂದ "ಹೊರಗಾಲು! ಹೊರಗಾಲಿನ ಮೇಲೆ ನಿಲ್ಲು!" ಎಂದು ಕೂಗುತ್ತಿದ್ದಳು.

ಅಣ್ಣಯ್ಯ, ಈ ವಿದ್ಯೆಯ ತಿರುಳು ಇದು: ಎಡಕ್ಕೆ ತಿರುಗಬೇಕಾದರೆ ಬಲಗಾಲಿನ ಮೇಲೆ ಭಾರ ಬಿಡಬೇಕು, ಬಲಕ್ಕೆ ತಿರುಗಬೇಕಾದರೆ ಎಡಗಾಲಿನ ಮೇಲೆ. ಎಡಕ್ಕೆ ಅವಳು ತಿರುಗಿದ್ದನ್ನು ತಾವು ನೋಡಬೇಕಿತ್ತು. ಗೆರೆ ಎಳೆದ ಹಾಗೆ ಬಂತು. ಬಲಕ್ಕೆ ಬಂದಾಗ ಎಡಗಾಲು ಭಾರವನ್ನು ಹೊರಲಿಲ್ಲ. ಬಿದ್ದಳು. ಎದ್ದಳು. ನಾನು ನಿಂತಿದ್ದಷ್ಟು ಹೊತ್ತಿನಲ್ಲಿ ಹದಿನೇಳು ಸಲ ಬಿದ್ದಳು. ಎಲ್ಲವೂ ಬಲಕ್ಕೆ.

ನನ್ನನ್ನು ಕಂಡು ಗಾಜಿನ ಬಳಿಗೆ ಬಂದಳು.

"ಏನು ನೋಡ್ತಿದ್ದೀರಾ ಚಿಕ್ಕಪ್ಪ, ಪೇಷಂಟನ್ನಾ?"

"ಡಾಕ್ಟರನ್ನು ಕೇಳಿ ಬಂದೆಯೇನಮ್ಮ ಇಲ್ಲಿಗೆ?"

"ಡಾಕ್ಟರುಗಳನ್ನ ಕೇಳೋದು ಬಿಟ್ಟಿದ್ದೀನಿ." ನಕ್ಕಳು. ಬೂಟನ್ನು ಕೋಲಿನಿಂದ ತಟ್ಟಿ ತೋರಿಸಿದಳು. "ಈ ಬೂಟ್ ಪಾದವನ್ನ ಬೀಳೋಕೆ ಬಿಡೋಲ್ಲ, ನೋಡಿ. ಇದನ್ನ ಹಾಕ್ಕೊಂಡಿರೋವರೆಗೂ ನಾನು ಕುಂಟಿ ಅಲ್ಲ. ಬಿಚ್ಚಿದ ಮೇಲೆ ಪಟ್, ಪಟ್, ಪಟ್."

"ಬಲಕ್ಕೆ ಬರದಿದ್ದರೆ?"

"ಬರೋವರೆಗೂ ಮಾಡ್ತೀನಿ."

ನಿಮ್ಮ ತಂದೆಗೆ ಒಂದು ಸಾಲು ಬರೆ ಎಂದು ಕೇಳಿಕೊಂಡೆ. ಅವಳು ಮೇಲಕ್ಕೆ ಎಳೆದೊಯ್ಯುವ ಹಗ್ಗವನ್ನು ಹಿಡಿದುಕೊಂಡಳು.

ಇನ್ನೊಂದು ವಿಷಯ. ನನಗೆ ಬ್ರಿಸ್ಬೇನ್‌ನಲ್ಲಿ ಕೆಲಸ ಸಿಕ್ಕಿದೆ. ಮುಂದಿನ ತಿಂಗಳು ಪದ್ಮಾಳೂ ನಾನೂ ಹೊರಡುತ್ತೇವೆ. ಅಲ್ಲಿ ಹಿಮವಿಲ್ಲ.

ತಮ್ಮ ವೇಣು


ಪರ್ತ್
೩ ಜುಲೈ ೧೯೮೮, ಭಾನುವಾರ

ವೇಣುಗೋಪಾಲನಿಗೆ,

ಆಶೀರ್ವಾದವನ್ನು ಬರೆಯದೆ ಪತ್ರವನ್ನು ತೊಡಗಿದ್ದು ಮರೆವಿನಿಂದಲ್ಲ.

ನನ್ನ ಮಗಳು ಹದಿನೇಳು ಸಲ ಬಿದ್ದಳು, ನೀನು ಎಣಿಸಿದೆ. ಗಾಜಿನ ಹಿಂದೆ ನಿಂತು ಎಣಿಸಿದೆ! ಒಳಗೆ ಹೋಗಿ ಕೈಹಿಡಿದು ಹೊರಗೆ ತರುವ ಬದಲು ಬಲಗಾಲು, ಎಡಗಾಲು, ಹೊರಗಾಲು ಎಂದು ಭಾಷ್ಯ ಬರೆದು ನನಗೆ ಕಳುಹಿಸಿದ್ದೀಯೆ. ಮುರಿದ ಕಾಲನ್ನು ಮತ್ತೆ ಅದೇ ಹಲಗೆಗೆ ಬಿಗಿಯುವುದು ಛಲವಲ್ಲ, ಅದು ಆತ್ಮದ್ರೋಹ. ಅವಳಿಗೆ ಅದು ತಿಳಿಯದಿದ್ದರೆ ವಯಸ್ಸಿನ ದೋಷ. ನಿನಗೆ ತಿಳಿಯದಿದ್ದರೆ ಯಾವುದರ ದೋಷ?

ನಾನು ಕೇಳಿದ ಗಂಟೆಗಳನ್ನು ನೀನು ಬರೆಯಲಿಲ್ಲ. ಬರೆಯದೆ ಊರನ್ನೇ ಬಿಟ್ಟು ಹೊರಟಿದ್ದೀಯೆ. ಕಳ್ಳನು ಓಡುವುದಕ್ಕೂ ಇದಕ್ಕೂ ಏನು ಭೇದವೆಂದು ನಿನ್ನ ಅತ್ತಿಗೆ ಶಾರದೆಯನ್ನು ಕೇಳಿದೆ. ಅವಳು ಹೇಳಿದ್ದು: "ಪಾಪ, ಅವನಿಗೆ ಯಾಕೆ ಹಾಗೆ ಬರೀತೀರಿ? ಅವತ್ತು ಫೋನ್‌ನಲ್ಲಿ ನೀವು ಮಾತಾಡುವಾಗ ನಾನು ಪಕ್ಕದಲ್ಲೇ ಎಳ್ಳು ತೊಳೀತಿದ್ದೆ." ಏನು ಕೇಳಿಸಿತು ಎಂದೆ. "ನಿಮ್ಮ ದನಿ ನಿಮಗೆ ಕೇಳಿಸ್ಲಿಲ್ವಾ?" ಎಂದು ಎದ್ದುಹೋದಳು. ಮನೆಯಲ್ಲಿಯೂ ನನಗೆ ವಿರುದ್ಧವಾಗಿ ಗಾಳಿ ಬೀಸುತ್ತಿದೆಯೆಂಬುದಕ್ಕೆ ಇದನ್ನು ಬರೆದೆ.

ಈ ದೇಶದಲ್ಲಿ ವೈದ್ಯರ ತಪ್ಪನ್ನು ವಿಚಾರಿಸುವ ಮಂಡಳಿಗಳಿವೆ. ಅಂಥ ಒಂದು ಮಂಡಳಿಗೆ ದೂರನ್ನು ಬರೆದು ಮೇಜಿನ ಮೇಲಿಟ್ಟಿದ್ದೇನೆ. ತಮ್ಮನ ಮೇಲೆ ದೂರು ಕೊಡುವುದು ಕುಲಕ್ಕೆ ಕಳಂಕವೆಂದು ಬಲ್ಲೆ. ಮಗಳು ತಂದೆಯ ಮುಖವನ್ನು ನೋಡದಿರುವುದೂ ಕಳಂಕವೇ. ಈ ತಿಂಗಳ ಕೊನೆಯೊಳಗೆ ಗಂಟೆಗಳು ಬಾರದಿದ್ದರೆ ಅದು ಅಂಚೆಪೆಟ್ಟಿಗೆಗೆ ಬೀಳುತ್ತದೆ.

ರಾಜಗೋಪಾಲ


ಬ್ರಿಸ್ಬೇನ್
೩೧ ಜುಲೈ ೧೯೮೮

ಅಣ್ಣಯ್ಯನವರಿಗೆ,

ತಾವು ಕೇಳಿದ ಗಂಟೆಗಳು ಇವು. ಎಲ್ಲವೂ ಬೆಟ್ಟದ ಊರಿನ ವೇಳೆ. ಪರ್ತ್‌ಗಿಂತ ಎರಡು ಗಂಟೆ ಮುಂದು.

ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ಬಿದ್ದಳು. ಹನ್ನೊಂದಕ್ಕೆ ಕೆಳಗಿನ ಊರಿನ ಆಸ್ಪತ್ರೆಗೆ ತಂದೆವು. ಅಲ್ಲಿಯ ಶಸ್ತ್ರವೈದ್ಯರು ನೋಡಿ, ಒತ್ತಡ ಏರುತ್ತಿದೆ, ಹನ್ನೆರಡರೊಳಗೆ ಸೀಳಿಬಿಡೋಣ ಎಂದರು. ಸರಿಯಾದ ಮಾತು. ಹನ್ನೊಂದೂವರೆಗೆ ನಾನು ತಮಗೆ ದೂರವಾಣಿ ಮಾಡಿದೆ. ಅನುಮತಿಗಾಗಿ ಅಲ್ಲ, ತಿಳಿಸುವುದಕ್ಕಾಗಿ. ಆದರೆ ತಮ್ಮೊಡನೆ ಮಾತನಾಡುವಾಗ ತಿಳಿಸುವುದು ಯಾವಾಗ ಅನುಮತಿ ಕೇಳುವುದಾಗಿಬಿಡುತ್ತದೋ ನನಗೆ ಐವತ್ತು ವರ್ಷವಾದರೂ ತಿಳಿದಿಲ್ಲ.

ತಾವು ಹೇಳಿದ ಮಾತು ಇದು. ಒಂದಕ್ಷರವನ್ನೂ ಬದಲಿಸಿಲ್ಲ: "ಮಹಾಲಯ ಅಮಾವಾಸ್ಯೆ ಕಣೋ ಇವತ್ತು. ಅಪ್ಪನಿಗೆ ಎಳ್ಳುನೀರು ಬಿಡೋ ದಿನ ಮಗಳ ಮೈಗೆ ಕತ್ತಿ ಹಾಕಿಸ್ಬೇಡ. ಅಲ್ಲಿಗೆ ಮೂರು ನಲವತ್ತೊಂದಕ್ಕೆ ತಿಥಿ ಮುಗಿಯುತ್ತೆ. ಅಲ್ಲೀವರೆಗೆ ಕಾಲೆತ್ತಿಟ್ಟು ಐಸ್ ಇಡು. ನಾನೂ ಡಾಕ್ಟರೇ, ಊತ ಇಳಿಯುತ್ತೆ." ಎರಡು ಸಲ ಆಗುವುದಿಲ್ಲವೆಂದೆ. "ನನ್ನ ಮಾತು ಮೀರ್ತೀಯೇನೋ?" ಎಂದಿರಿ. ನಾನು "ಆಯ್ತು ಅಣ್ಣಯ್ಯ, ಕಾಯ್ತೀವಿ" ಎಂದೆ. ಆಮೇಲೆ ಆ ಊರಿನ ವೈದ್ಯರಿಗೆ, ಇನ್ನಷ್ಟು ಹೊತ್ತು ನೋಡೋಣ ಎಂದೆ. ನಾನು ದೊಡ್ಡ ಊರಿನ ತಜ್ಞ; ಅವರು ಸುಮ್ಮನಾದರು. ಮೂರು ನಲವತ್ತೈದಕ್ಕೆ ಒಳಗೆ ಕೊಂಡೊಯ್ದೆವು. ಆರು ಗಂಟೆ ಇಪ್ಪತ್ತೈದು ನಿಮಿಷ.

ಇನ್ನೊಂದನ್ನೂ ಬರೆಯಬೇಕು. ಈ ನಡುವೆ, ತಾವು ನೋಡುವ ಆ ವರ್ಷದ ಪಂಚಾಂಗವನ್ನೇ ಊರಿನಿಂದ ತರಿಸಿ ನೋಡಿದೆ. ಅಮಾವಾಸ್ಯೆ ಮುಗಿದದ್ದು ಊರಿನ, ಎಂದರೆ ಭಾರತದ, ವೇಳೆ ಬೆಳಿಗ್ಗೆ ಎಂಟು ನಲವತ್ತೊಂದಕ್ಕೆ. ಬೆಟ್ಟದ ಊರು ಅಲ್ಲಿಗಿಂತ ನಾಲ್ಕೂವರೆ ಗಂಟೆ ಮುಂದು; ಎಂದರೆ ಮಧ್ಯಾಹ್ನ ಒಂದು ಗಂಟೆ ಹನ್ನೊಂದು ನಿಮಿಷ. ಮೂರು ನಲವತ್ತೊಂದು ಎಲ್ಲಿಂದ ಬಂತು? ಪ್ರತಿ ಯುಗಾದಿಗೂ ತಾವು ಪಂಚಾಂಗದ ಅಂಚಿನಲ್ಲಿ ಪರ್ತ್ ವೇಳೆಯನ್ನು ಪೆನ್ಸಿಲಿನಿಂದ ಬರೆದಿಡುತ್ತೀರಿ. ಅಲ್ಲಿ ಹನ್ನೊಂದು ಗಂಟೆ ಹನ್ನೊಂದು ನಿಮಿಷ ಎಂದಿರಬೇಕು. ಅದನ್ನು ಊರಿನ ವೇಳೆಯೆಂದು ತಿಳಿದು, ಮತ್ತೆ ನಾಲ್ಕೂವರೆ ಗಂಟೆ ಕೂಡಿಸಿದಿರಿ. ತಾವು ನಂಬಿದ ಶಾಸ್ತ್ರವೂ ಅಷ್ಟು ಹೊತ್ತು ಕಾಯಿರೆಂದು ಹೇಳಿರಲಿಲ್ಲ.

ಇದನ್ನು ತಮ್ಮನ್ನು ಚುಚ್ಚುವುದಕ್ಕಾಗಿ ಬರೆಯಲಿಲ್ಲವೆಂದರೆ ಸುಳ್ಳಾದೀತು. ಆದರೆ ತಮ್ಮ ಎಣಿಕೆ ಸರಿಯಿದ್ದರೂ ನಾನು ಕಾಯಬಾರದಿತ್ತು. ಅವಳ ಕಾಲನ್ನು ನೋಡಬೇಕಾಗಿದ್ದವನು ಗೋಡೆಯ ಗಡಿಯಾರವನ್ನು ನೋಡುತ್ತಿದ್ದೆ. ದೂರನ್ನು ಅಂಚೆಗೆ ಹಾಕಿ. ನಾನು ಒಪ್ಪಿಕೊಳ್ಳುತ್ತೇನೆ. ಆದರೆ ಅಲ್ಲಿ ಕೇಳಿದರೆ ಇನ್ನೊಮ್ಮೆ "ನಾನೊಬ್ಬನೇ" ಎನ್ನುವುದಿಲ್ಲ.

ವೇಣುಗೋಪಾಲ


ಪರ್ತ್
೨೮ ಆಗಸ್ಟ್ ೧೯೮೮, ಭಾನುವಾರ

ವೇಣು,

ಹಳೆಯ ಪಂಚಾಂಗವನ್ನು ದೇವರ ಮನೆಯ ಗೂಡಿನಿಂದ ತೆಗೆದು ನೋಡಿದೆ. ಭಾದ್ರಪದ ಬಹುಳ ಅಮಾವಾಸ್ಯೆಯ ಎದುರಿಗೆ ನನ್ನ ಕೈಬರಹದಲ್ಲಿ ಹನ್ನೊಂದು ಹನ್ನೊಂದು ಎಂದಿದೆ. ಪೆನ್ಸಿಲು ಸ್ವಲ್ಪವೂ ಮಾಸಿಲ್ಲ.

ಮೊದಲ ದಿನ ನಿನ್ನ ಮೇಲೆಯೇ ಸಿಟ್ಟು ಬಂದಿತು: ನನ್ನ ತಪ್ಪನ್ನು ಹುಡುಕಲು ಪಂಚಾಂಗ ತರಿಸಿದನಲ್ಲ ಎಂದು. ಎರಡನೆಯ ದಿನ, ಮಹಾಬಲೇಶ್ವರ ಕೇಳಿದ ಪ್ರಶ್ನೆ ನೆನಪಾಯಿತು. ಯಾರು ಕಾದರು? ಕಾಯಿಸಿದವರು ಯಾರೆಂದು ಅವನು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಮೂವತ್ತಾರು ವರ್ಷ ವೈದ್ಯಕೀಯ ಮಾಡಿದವನಿಗೆ ಆರು ಗಂಟೆಯ ವಿಷಯವನ್ನು ಇನ್ನೊಬ್ಬನು ಹೇಳಿಕೊಡಬೇಕಾಗಿರಲಿಲ್ಲ. ಗೊತ್ತಿತ್ತು. ಗೊತ್ತಿದ್ದೂ ಊತ ಇಳಿಯುತ್ತದೆಂದು ಹೇಳಿದೆ. ಏಕೆಂದರೆ ಆ ಹೊತ್ತಿಗೆ ನನಗೆ ಅದು ಇಳಿಯಬೇಕಾಗಿತ್ತು.

ಪಂಚಾಂಗವು ತಪ್ಪಲಿಲ್ಲ. ದೇವರೂ ತಪ್ಪಲಿಲ್ಲ. ಅವರಿಬ್ಬರ ಹೆಸರಿನಲ್ಲಿ ಮಾತನಾಡಿದವನು ತಪ್ಪಿದ. ಇಷ್ಟನ್ನು ಬರೆದ ಮೇಲೂ ನಿನ್ನ ಮೇಲಿನ ಕಹಿ ಪೂರ್ತಿ ಹೋಗಿಲ್ಲವೆಂಬುದನ್ನು ಮುಚ್ಚಿಡಲಾರೆ. ಆ ದಿನ ನೀನು ನನ್ನೊಡನೆ ಜಗಳವಾಡಬೇಕಾಗಿತ್ತು. ಫೋನನ್ನು ಕುಕ್ಕಬೇಕಾಗಿತ್ತು. ನಿನಗೆ ಎಲ್ಲವನ್ನೂ ಕಲಿಸಿದೆನೆಂದು ಹೆಮ್ಮೆಪಟ್ಟೆನಲ್ಲ, ಅದೊಂದನ್ನು ಕಲಿಸಲಿಲ್ಲ.

ದೂರಿನ ಕಾಗದವನ್ನು ನಾನು ಹರಿದೆನೆಂದು ಬರೆದು ಪುಣ್ಯ ಕಟ್ಟಿಕೊಳ್ಳಲಾರೆ. ಹರಿದವಳು ಶಾರದೆ. "ಇದನ್ನ ಕಳಿಸೋದಾದ್ರೆ ನಿಮ್ಮ ಹೆಸರನ್ನೂ ಸೇರಿಸಿ ಇನ್ನೊಂದು ಬರೀರಿ" ಎಂದಳು.

ಮುಂದಿನ ತಿಂಗಳು ಅಡಿಲೇಡ್‌ಗೆ ಹೋಗುತ್ತೇನೆ. ಕಾಯಿಸಿದವನು ನಾನೆಂದು ಅವಳಿಗೆ ನಾನೇ ಹೇಳುತ್ತೇನೆ. ನಿಜವನ್ನು ಕೇಳಿದ ಮೇಲೆ ಬೈಯಲಿಕ್ಕಾದರೂ ನನ್ನೊಡನೆ ಮಾತನಾಡಿಯಾಳು.

ರಾಜಗೋಪಾಲ


ಅಡಿಲೇಡ್
ವಿಭವ ಸಂವತ್ಸರ, ಭಾದ್ರಪದ ಶುದ್ಧ
೨೫ ಸೆಪ್ಟೆಂಬರ್ ೧೯೮೮, ಭಾನುವಾರ

ಪ್ರಿಯ ವೇಣು,

ನಿನ್ನೆ ಮಧ್ಯಾಹ್ನ ಅವಳನ್ನು ಕಂಡೆ. ವಿದ್ಯಾರ್ಥಿನಿಲಯದಲ್ಲಿ ಇರಲಿಲ್ಲ, ನೀನು ಬರೆದಿದ್ದ ಆ ಹಿಮದ ಉಗ್ರಾಣಕ್ಕೆ ಟ್ಯಾಕ್ಸಿ ಮಾಡಿಕೊಂಡು ಹೋದೆ. ಬಾಗಿಲಲ್ಲಿದ್ದ ಹುಡುಗಿ ನನ್ನ ಪಂಚೆಯನ್ನೂ ನಾಮವನ್ನೂ ನೋಡಿ, ನಿಮಗೆ ಚಳಿಯಾಗುತ್ತದೆ ಎಂದು ಯಾರದೋ ಒಂದು ಕೋಟನ್ನು ಕೊಟ್ಟಳು.

ಜಯಮಾಲಾ ನನ್ನನ್ನು ಕಂಡು ಬೆಚ್ಚಲಿಲ್ಲ. ಬೆಂಚಿನ ಮೇಲೆ ಕುಳಿತು ಬೂಟಿನ ಕೊಂಡಿಗಳನ್ನು ಬಿಗಿಯುತ್ತಿದ್ದಳು. ಅವಳ ಪಕ್ಕದಲ್ಲಿ ಕುಳಿತು ಎಲ್ಲವನ್ನೂ ಹೇಳಿದೆ: ದೂರವಾಣಿ, ಅಮಾವಾಸ್ಯೆ, ಎರಡು ಸಲ ಕೂಡಿಸಿದ ವೇಳೆ, ನಿನ್ನ ಮೇಲೆ ಹೊರಿಸಿದ ಹೊರೆ. ವಾಕ್ಯಗಳನ್ನು ವಿಮಾನದಲ್ಲಿಯೇ ಜೋಡಿಸಿಕೊಂಡಿದ್ದೆ. ಕ್ಷಮೆಯೆಂಬ ಶಬ್ದವನ್ನು ಕೊನೆಗೆ ಇಟ್ಟಿದ್ದೆ. ಅದರವರೆಗೆ ಹೋಗಲು ಅವಳು ಬಿಡಲಿಲ್ಲ.

"ನಂಗೆ ಗೊತ್ತು ಅಪ್ಪ."

"ಯಾರು ಹೇಳಿದ್ರಮ್ಮ?"

"ಯಾರೂ ಹೇಳ್ಬೇಕಾಗಿರ್ಲಿಲ್ಲ. ಸ್ಟ್ರೆಚರ್ ಫೋನ್ ಪಕ್ಕದಲ್ಲೇ ಇತ್ತು. ಚಿಕ್ಕಪ್ಪ 'ಆಯ್ತು ಅಣ್ಣಯ್ಯ, ಕಾಯ್ತೀವಿ' ಅಂದಿದ್ದು ಕೇಳಿಸ್ತು. ನಾನು ಎಚ್ಚರವಾಗೇ ಇದ್ದೆ. ಎಲ್ಲರೂ ನಾನು ನೋವಿನ ಇಂಜೆಕ್ಷನ್‌ಗೆ ನಿದ್ದೆಯಲ್ಲಿದ್ದೀನಿ ಅಂದ್ಕೊಂಡ್ರು."

ವೇಣು, ಆ ಮೂರು ದಿನ ಅವಳು ಗೋಡೆಯ ಕಡೆಗೆ ತಿರುಗಿದ್ದದ್ದು ಇದನ್ನು ತಿಳಿದೇ. ನಿನ್ನನ್ನು ಊಟದ ಹೊತ್ತಿನಲ್ಲಿ ಕೇಳಿದ್ದೂ ತಿಳಿದೇ. ನೀನು ನಿಜ ಹೇಳುತ್ತೀಯೋ ಎಂದು ನೋಡಿದಳಂತೆ. ನೀನು ಸುಳ್ಳು ಹೇಳಿದ್ದರಿಂದ ಮನೆ ಬಿಟ್ಟಳೇ ಹೊರತು ತಡ ಮಾಡಿದ್ದರಿಂದಲ್ಲ. ಇದನ್ನು ನಿನಗೆ ತಿಳಿಸಬಹುದೇ ಎಂದು ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. ತಿಳಿಸಿ ಎಂದಳು.

"ಅಮಾವಾಸ್ಯೆಗೆ ಸಿಟ್ಟಿಲ್ಲ ಅಪ್ಪ. ನೀವು ಯಾವಾಗ್ಲೂ ಹಾಗೇನೆ. ಆದ್ರೆ ಕಾಲು ನಂದು. ನಂಗೆ ಇಪ್ಪತ್ತೊಂದು ವರ್ಷ ಆಗಿತ್ತು. ನೀವಿಬ್ರೂ ಅಷ್ಟೊತ್ತು ಮಾತಾಡಿದ್ರಿ, ನನ್ನನ್ನ ಒಂದು ಮಾತು ಕೇಳ್ಲಿಲ್ಲ. ಕೇಳಿದ್ರೆ ಈಗಲೇ ಕೊಯ್ಯಿರಿ ಅಂತಿದ್ದೆ." ಕೊನೆಯ ಕೊಂಡಿಯನ್ನು ಬಿಗಿದಳು. "ಲೆಕ್ಕಾನೂ ನಾನೇ ಸರಿಯಾಗಿ ಮಾಡಿಕೊಡ್ತಿದ್ದೆ."

ಮನೆಗೆ ಬಾ ಎಂದೆ. ಕೇಳಿದ್ದಲ್ಲ, ಹೇಳಿದ್ದು. ಬಾಯಿಯಿಂದ ಬಂದ ಮೇಲೆ ನನಗೇ ತಿಳಿಯಿತು. ಅವಳು ಎದ್ದು ಹಿಮದ ಕಡೆಗೆ ಹೋದಳು. ಆ ಬೂಟಿನಲ್ಲಿ ಅವಳ ನಡಿಗೆಗೆ ಯಾವ ಊನವೂ ಇರಲಿಲ್ಲ.

ನಾನು ಅಂಚಿನ ಕಟಕಟೆಯನ್ನು ಹಿಡಿದು ನಿಂತೆ. ನೀನು ವರ್ಣಿಸಿದ್ದ ಅಭ್ಯಾಸಗಳನ್ನು ಒಂದೊಂದಾಗಿ ಮಾಡಿದಳು: ನೇಗಿಲು, ಅಂಗೈಯ ಮೇಲಿನ ಕೋಲುಗಳು, ಒಂದೇ ಕಾಲಿನ ಮೇಲಿನ ಅಡ್ಡ ಜಾರು. ಎಡಕ್ಕೆ ತಿರುಗಿದಾಗ ಪಕ್ಕದಲ್ಲಿ ನಿಂತ ಯಾರೋ ಚಪ್ಪಾಳೆ ತಟ್ಟಿದರು. ಬಲಕ್ಕೆ ತಿರುಗುವಾಗ ಎಡಗಾಲು ಅರ್ಧದವರೆಗೆ ಭಾರವನ್ನು ಹೊತ್ತಿತು. ಅಲ್ಲಿಂದ ಮುಂದಕ್ಕೆ ಹೊರಲಿಲ್ಲ. ನನ್ನಿಂದ ಹತ್ತು ಹೆಜ್ಜೆ ದೂರದಲ್ಲಿ ಬಿದ್ದಳು. ಒಂದು ಹಲಗೆ ಕಳಚಿ ಕೆಳಕ್ಕೆ ಜಾರಿಹೋಯಿತು. ಮಗ್ಗುಲಾಗಿ ಬಿದ್ದವಳು ಬೇಗ ಏಳಲಿಲ್ಲ.

ಚಪ್ಪಲಿಯ ಕಾಲನ್ನು ಹಿಮದ ಮೇಲೆ ಇಟ್ಟೇಬಿಟ್ಟಿದ್ದೆ. ಅವಳು ತಲೆಯೆತ್ತಿ ನೋಡಿದಳು. ಕಾಲನ್ನು ಹಿಂದಕ್ಕೆ ತೆಗೆದುಕೊಂಡು, ಅರವತ್ತೆರಡು ವರ್ಷದ ಬಾಯಿಗೆ ಅಭ್ಯಾಸವಿಲ್ಲದ ಒಂದು ಮಾತನ್ನು ಕೂಗಿ ಕೇಳಿದೆ:

"ಬರ್ಲೇನಮ್ಮಾ?"

"ಬೇಡ" ಎಂದಳು.

ಸಿಟ್ಟಿನಿಂದ ಹೇಳಲಿಲ್ಲ. ದಾರಿ ಕೇಳಿದವರಿಗೆ ದಾರಿ ಹೇಳಿದ ಹಾಗೆ ಹೇಳಿದಳು. ಆಮೇಲೆ ಮೊಣಕೈಯೂರಿ, ಮೊಣಕಾಲೂರಿ ಎದ್ದು, ಒಂದೇ ಹಲಗೆಯ ಮೇಲೆ ಕೆಳಗಿಳಿದು, ಇನ್ನೊಂದನ್ನು ಹುಡುಕಿ ಕಟ್ಟಿಕೊಂಡು ಹಗ್ಗ ಹಿಡಿದು ಮೇಲಕ್ಕೆ ಹೋದಳು. ನನ್ನ ಕಡೆಗೆ ಮತ್ತೆ ನೋಡಲಿಲ್ಲ. ಮುಚ್ಚುವ ಹೊತ್ತಿನವರೆಗೆ ನಾನು ಅಲ್ಲಿಯೇ ನಿಂತಿದ್ದೆ. ಬಲಕ್ಕೆ ಒಮ್ಮೆಯೂ ಬರಲಿಲ್ಲ.

ನಾಳೆಯ ವಿಮಾನಕ್ಕೆ ಪರ್ತ್‌ಗೆ ಹೊರಡುತ್ತೇನೆ.

ರಾಜಗೋಪಾಲ